ರೈಲು ತಡವಾದರೆ, ರದ್ದಾದರೆ ದುಡ್ಡು ವಾಪಸ್ ಪಡೆಯುವುದು ಹೇಗೆ? ದಾವಣಗೆರೆ–ಚಿತ್ರದುರ್ಗದ ಪ್ರಯಾಣಿಕರಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ರಾತ್ರಿ ದಾವಣಗೆರೆ ಸ್ಟೇಷನ್ನಿಗೆ ಹೋಗಿ ನೋಡಿ. ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿ ಡ್ಯೂಟಿಗೆ ಹಾಜರಾಗಬೇಕಾದ ಹುಡುಗರು, ಹುಡುಗಿಯರೇ ಅರ್ಧ ಪ್ಲಾಟ್‌ಫಾರ್ಮ್ ತುಂಬಿರುತ್ತಾರೆ. ರೈಲು ಮೂರು ತಾಸು ಲೇಟು ಅಂತ ಕೂಗಿದರೆ ಒಂದಷ್ಟು ಜನ ಬೈಯುತ್ತಾ ಬಸ್ ಸ್ಟ್ಯಾಂಡಿನ ಕಡೆ ಹೊರಡುತ್ತಾರೆ. ಟಿಕೆಟ್ ದುಡ್ಡಿನ ಆಸೆಯನ್ನು ಅಲ್ಲೇ ಬಿಟ್ಟಿರುತ್ತಾರೆ. ಅದು ಬಿಡಬೇಕಾದ ದುಡ್ಡಲ್ಲ. ಆಟೋ ಹತ್ತುವ ಮುಂಚೆ ಫೋನಿನಲ್ಲಿ ಐದು ನಿಮಿಷದ ಕೆಲಸ ಮಾಡಿದರೆ ಪೂರ್ತಿ ಟಿಕೆಟ್ ದರ ವಾಪಸ್ ಬರುತ್ತದೆ. ಮಾರನೇ ದಿನ ಆರಾಮಾಗಿ ಮಾಡೋಣ ಅಂತ ಕೂತರೆ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ರಿಸರ್ವೇಶನ್ ಟಿಕೆಟ್ ಬಗ್ಗೆ. ಜನರಲ್ ಟಿಕೆಟ್‌ದು ಬೇರೆ ಕತೆ.

ರೀಫಂಡ್ ಒಂದು, ಪರಿಹಾರ ಇನ್ನೊಂದು

ಜನ ಇವೆರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ನೀವು ಕೊಟ್ಟ ಟಿಕೆಟ್ ದುಡ್ಡು ವಾಪಸ್ ಬರುವುದು ರೀಫಂಡ್. ಅದಕ್ಕೆ 2015ರ ರೀಫಂಡ್ ನಿಯಮಗಳಿವೆ, ಆ ವರ್ಷ ನವೆಂಬರ್ 12ರಿಂದ ಜಾರಿಯಲ್ಲಿವೆ. ಅಲ್ಲಿ ಎಲ್ಲ ಗಡಿಯಾರದ ಮೇಲೆ ನಡೆಯುತ್ತದೆ. ಇಷ್ಟು ಗಂಟೆಯೊಳಗೆ ಕೇಳಿದರೆ ಉಂಟು, ದಾಟಿದರೆ ಇಲ್ಲ.

ರೈಲು ತಡವಾಗಿ ನಿಮ್ಮ ವಿಮಾನ ತಪ್ಪಿತು, ಪರೀಕ್ಷೆ ತಪ್ಪಿತು, ಟ್ಯಾಕ್ಸಿಗೆ ಸಾವಿರಾರು ರೂಪಾಯಿ ಸುರಿಯಬೇಕಾಯಿತು ಅಂದರೆ ಅದಕ್ಕೆ ಕೇಳುವುದು ಪರಿಹಾರ. ಇದನ್ನು ರೈಲ್ವೆ ತಾನಾಗಿ ಕೊಡುವ ಪದ್ಧತಿಯೇ ಇಲ್ಲ. ಗಂಟೆಗೆ ಇಂತಿಷ್ಟು ಅಂತ ಪಟ್ಟಿಯೂ ಇಲ್ಲ. 2019ರಲ್ಲಿ ಲಖನೌ–ದೆಹಲಿ ತೇಜಸ್ ಶುರುವಾದಾಗ ಒಂದು ಗಂಟೆ ದಾಟಿದರೆ 100 ರೂಪಾಯಿ, ಎರಡು ಗಂಟೆ ದಾಟಿದರೆ 250 ರೂಪಾಯಿ ಅಂತ ಒಂದು ಯೋಜನೆ ಇತ್ತು. ಅದನ್ನೂ ಆಮೇಲೆ ನಿಲ್ಲಿಸಿದರು. ನಮ್ಮ ಕಡೆ ಓಡುವ ಜನಶತಾಬ್ದಿಗಾಗಲಿ, ವಂದೇ ಭಾರತ್‌ಗಾಗಲಿ ಅಂಥದ್ದೇನೂ ಇಲ್ಲ. ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗಕ್ಕೇ ಹೋಗಬೇಕು. ಅಲ್ಲಿ ಕೆಲಸ ಮಾಡುವುದು ದಾಖಲೆ.

ಟಿಕೆಟ್ ಬುಕ್ ಮಾಡುವಾಗ ಟಿಕ್ ಹಾಕುವ 45 ಪೈಸೆಯ ವಿಮೆಯನ್ನೂ ಇಲ್ಲಿ ನೆನೆಯಬೇಡಿ. ಅದು ಅಪಘಾತಕ್ಕೆ, ತಡಕ್ಕಲ್ಲ.

ಮೂರು ಗಂಟೆಯ ಲೆಕ್ಕ ಎಲ್ಲಿಂದ?

ನೀವು ಹತ್ತಬೇಕಾದ ಸ್ಟೇಷನ್ನಿನಿಂದ ರೈಲು ಹೊರಡುವುದು ಮೂರು ಗಂಟೆಗಿಂತ ಜಾಸ್ತಿ ತಡವಾದರೆ, ಮತ್ತು ನೀವು ಪ್ರಯಾಣ ಮಾಡದಿದ್ದರೆ, ಪೂರ್ತಿ ದರ ವಾಪಸ್. ಕನ್ಫರ್ಮ್ ಆಗಿರಲಿ, ಆರ್‌ಎಸಿ (ಒಂದೇ ಬರ್ತನ್ನು ಇಬ್ಬರು ಹಂಚಿಕೊಂಡು ಕೂರುವ ಟಿಕೆಟ್) ಇರಲಿ, ವ್ಯತ್ಯಾಸವಿಲ್ಲ. ಕ್ಯಾನ್ಸಲೇಶನ್ ಚಾರ್ಜ್ ಇಲ್ಲ. ಆನ್‌ಲೈನಿನಲ್ಲಿ ಕೊಂಡಿದ್ದರೆ ಕನ್ವೀನಿಯನ್ಸ್ ಫೀ ಮಾತ್ರ ಬರುವುದಿಲ್ಲ.

ಒಂದು ಉದಾಹರಣೆ ಹಾಕಿಕೊಳ್ಳೋಣ. ನಿಮ್ಮ ರೈಲು ದಾವಣಗೆರೆಯಿಂದ ರಾತ್ರಿ 10:30ಕ್ಕೆ ಹೊರಡಬೇಕಿತ್ತು. ಹೊರಟ ಊರಲ್ಲೇ ಮೂರೂವರೆ ಗಂಟೆ ತಡವಾಗಿದೆ. ದಾರಿಯಲ್ಲಿ ಡ್ರೈವರ್ ಓಡಿಸಿಕೊಂಡು ಬಂದು ಹರಿಹರ ದಾಟುವಷ್ಟರಲ್ಲಿ ನಲವತ್ತು ನಿಮಿಷ ಉಳಿಸಿದ. ದಾವಣಗೆರೆಯಲ್ಲಿ ತಡ ಎರಡು ಗಂಟೆ ಐವತ್ತು ನಿಮಿಷ. ಆಗ ನಿಮಗೆ ಏನೂ ಸಿಗುವುದಿಲ್ಲ. ಲೆಕ್ಕಕ್ಕೆ ಬರುವುದು ದಾವಣಗೆರೆಯ ತಡ, ಹೊರಟ ಊರಿನದ್ದಲ್ಲ. ಅದಕ್ಕೇ ಆಪ್‌ನಲ್ಲಿ '3:10 ತಡ' ಅಂತ ಕಂಡ ಕೂಡಲೇ ಬಸ್ಸಿಗೆ ಓಡಬೇಡಿ. ಅಂಚಿನಲ್ಲಿರುವ ಲೆಕ್ಕ ತಿರುಗಿಬೀಳುತ್ತದೆ. ನಾಲ್ಕು ಗಂಟೆ ದಾಟಿದ್ದರೆ ಧೈರ್ಯವಾಗಿ ನಿರ್ಧಾರ ಮಾಡಬಹುದು. ಮೂರರ ಆಸುಪಾಸಿನಲ್ಲಿದ್ದರೆ ರೈಲು ಹಿಂದಿನ ದೊಡ್ಡ ಸ್ಟೇಷನ್ ಬಿಡುವ ತನಕ ಕಾಯುವುದು ಒಳ್ಳೆಯದು.

ತಡ ನೋಡಲು ಎನ್‌ಟಿಇಎಸ್ ಬಳಸಿ. ಅದು ರೈಲ್ವೆಯದೇ ವ್ಯವಸ್ಥೆ. ಇಲ್ಲವೇ 139ಕ್ಕೆ ಕರೆ ಮಾಡಿ. ಖಾಸಗಿ ಆಪ್‌ಗಳು ಸುಮಾರಾಗಿ ಸರಿಯಾಗೇ ತೋರಿಸುತ್ತವೆ, ಆದರೆ ನಾಳೆ ತಕರಾರು ಬಂದರೆ ರೈಲ್ವೆ ತನ್ನ ದಾಖಲೆಯನ್ನೇ ನೋಡುತ್ತದೆ.

ಇನ್ನೊಂದು ಮಾತು. ತಡವಾಗಿ ಬಂದ ರೈಲನ್ನು ಹತ್ತಿ ಹೋದಿರೋ, ರೀಫಂಡ್ ಮಾತು ಅಲ್ಲಿಗೆ ಮುಗಿಯಿತು. ಆರು ತಾಸು ತಡವಾಗಿ ಬೆಂಗಳೂರು ಮುಟ್ಟಿದರೂ ಒಂದು ರೂಪಾಯಿ ಇಲ್ಲ. ನಷ್ಟ ಆಗಿದ್ದರೆ ಗ್ರಾಹಕ ಆಯೋಗದ ದಾರಿ ಹಿಡಿಯಬೇಕು. ಅದನ್ನು ಮುಂದೆ ಹೇಳಿದ್ದೇನೆ.

ಕ್ಯಾನ್ಸಲ್ ಬಟನ್ ಒತ್ತಬೇಡಿ

ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ರೈಲು ಐದು ಗಂಟೆ ತಡ ಅಂತ ಮಧ್ಯಾಹ್ನವೇ ಗೊತ್ತಾಗುತ್ತದೆ. ಸಿಟ್ಟಿಗೆ ಟಿಕೆಟ್ ಕ್ಯಾನ್ಸಲ್ ಮಾಡುತ್ತಾರೆ. ಕಂಪ್ಯೂಟರಿಗೆ ನಿಮ್ಮ ಸಿಟ್ಟು ಗೊತ್ತಾಗುವುದಿಲ್ಲ. ಅದು ಮಾಮೂಲಿ ಕ್ಯಾನ್ಸಲೇಶನ್ ಅಂತ ತಿಳಿದು, ಹೊರಡಲು ಎಷ್ಟು ಹೊತ್ತು ಉಳಿದಿದೆ ಅಂತ ನೋಡಿ ಚಾರ್ಜ್ ಮುರಿದುಕೊಳ್ಳುತ್ತದೆ. ಕ್ಯಾನ್ಸಲ್ ಆದ ಟಿಕೆಟ್‌ಗೆ ಆಮೇಲೆ ತಡದ ಕಾರಣ ಹೇಳಿ ಪೂರ್ತಿ ದುಡ್ಡು ಕೇಳಲು ಬರುವುದಿಲ್ಲ.

ತಡದ ಕಾರಣಕ್ಕೆ ಹಾಕಬೇಕಾದದ್ದು ಟಿಡಿಆರ್. ಟಿಕೆಟ್ ಡೆಪಾಸಿಟ್ ರಸೀತಿ ಅಂತ ಅದರ ಪೂರ್ತಿ ಹೆಸರು. ಚಾರ್ಟ್, ಅಂದರೆ ಯಾರಿಗೆ ಯಾವ ಸೀಟು ಅನ್ನುವ ಪಟ್ಟಿ, ತಯಾರಾದ ಮೇಲೆ ಹಾಕಬೇಕು, ರೈಲು ನಿಮ್ಮ ಸ್ಟೇಷನ್ ಬಿಡುವ ಮುಂಚೆ ಹಾಕಬೇಕು. ಇಲ್ಲಿ 'ಬಿಡುವ' ಅಂದರೆ ವೇಳಾಪಟ್ಟಿಯಲ್ಲಿರುವ ಸಮಯವಲ್ಲ, ನಿಜವಾಗಿ ಬಿಡುವ ಸಮಯ. 10:30ರ ರೈಲು 2:15ಕ್ಕೆ ಹೊರಟರೆ ನಿಮಗೆ 2:15ರ ತನಕ ಅವಕಾಶ ಇದೆ.

ಈ ನಿಯಮ ಬರೆದವರು ಯಾರೂ ರಾತ್ರಿ ಎರಡು ಗಂಟೆಗೆ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತು, ನೆಟ್‌ವರ್ಕ್ ಇಲ್ಲದ ಫೋನಿನಲ್ಲಿ ಕ್ಯಾಪ್ಚಾ ಓದಿದವರಲ್ಲ ಅನ್ನುವುದು ನನ್ನ ಅನುಮಾನ. ರೈಲು ಹೋದ ಮೇಲೆ ಒಂದು ದಿನ ಕೊಟ್ಟಿದ್ದರೆ ರೈಲ್ವೆಗೆ ನಷ್ಟವೇನೂ ಇರಲಿಲ್ಲ. ಸೀಟು ಖಾಲಿ ಹೋಯಿತೋ ಇಲ್ಲವೋ ಅಂತ ಟಿಟಿಇ (ಟಿಕೆಟ್ ತಪಾಸಣೆ ಮಾಡುವವರು) ಬಳಿ ಹೇಗೂ ದಾಖಲೆ ಇರುತ್ತದೆ. ಸದ್ಯಕ್ಕೆ ನಿಯಮ ಇರುವುದು ಹೀಗೆ.

ಟಿಡಿಆರ್ ಹಾಕುವ ಕ್ರಮ

1. ಯಾವ ಐಆರ್‌ಸಿಟಿಸಿ ಖಾತೆಯಿಂದ ಟಿಕೆಟ್ ಬುಕ್ ಆಗಿದೆಯೋ ಅದೇ ಖಾತೆಗೆ ಲಾಗಿನ್ ಆಗಿ. ಅಣ್ಣನ ಖಾತೆಯಲ್ಲಿ ಬುಕ್ ಮಾಡಿದ್ದರೆ ಅಣ್ಣನನ್ನೇ ಎಬ್ಬಿಸಬೇಕು, ಬೇರೆ ದಾರಿ ಇಲ್ಲ.

2. ಬುಕಿಂಗ್ ವಿವರಗಳಿರುವ ಭಾಗದಲ್ಲಿ 'ಫೈಲ್ ಟಿಡಿಆರ್' ಅಂತ ಇರುತ್ತದೆ. ಅದನ್ನು ತೆರೆದು ನಿಮ್ಮ ಪಿಎನ್ಆರ್ (ಟಿಕೆಟ್ ಮೇಲಿನ ಬುಕಿಂಗ್ ನಂಬರ್) ಆರಿಸಿ.

3. ಯಾರು ಯಾರು ಪ್ರಯಾಣ ಮಾಡುತ್ತಿಲ್ಲವೋ ಅವರ ಹೆಸರಿನ ಮುಂದೆ ಟಿಕ್ ಹಾಕಿ.

4. ಕಾರಣಗಳ ಪಟ್ಟಿಯಲ್ಲಿ 'ಟ್ರೇನ್ ಲೇಟ್ ಮೋರ್ ದ್ಯಾನ್ ತ್ರೀ ಅವರ್ಸ್ ಅಂಡ್ ಪ್ಯಾಸೆಂಜರ್ ನಾಟ್ ಟ್ರಾವೆಲ್ಡ್' ಅನ್ನುವ ಅರ್ಥದ ಸಾಲನ್ನು ಆರಿಸಿ. ಪಟ್ಟಿ ಉದ್ದ ಇದೆ, ನಿದ್ದೆಗಣ್ಣಲ್ಲಿ ಪಕ್ಕದ ಸಾಲು ಒತ್ತಿಬಿಡುವುದು ಸುಲಭ. ಪ್ರಯಾಣಿಕ ಬರಲಿಲ್ಲ ಅನ್ನುವ ಬೇರೆ ಕಾರಣ ಒತ್ತಿದರೆ ಅರ್ಜಿ ಬಿದ್ದುಹೋಗಬಹುದು.

5. ಸಲ್ಲಿಸಿದ ಮೇಲೆ ಬರುವ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಸಮಯ ಕಾಣುವಂತೆ ಇರಲಿ.

ಇದಾದ ಮೇಲೆ ಎನ್‌ಟಿಇಎಸ್‌ನಲ್ಲಿ ನಿಮ್ಮ ರೈಲಿನ ಸ್ಥಿತಿಯ ಸ್ಕ್ರೀನ್‌ಶಾಟ್ ಎರಡು ಸಲ ತೆಗೆಯಿರಿ. ಒಂದು ಟಿಡಿಆರ್ ಹಾಕಿದಾಗ, ಇನ್ನೊಂದು ರೈಲು ನಿಮ್ಮ ಸ್ಟೇಷನ್ ಬಿಟ್ಟ ಮೇಲೆ. ಎರಡನೆಯದೇ ಮುಖ್ಯ, ಯಾಕೆಂದರೆ ನಿಜವಾಗಿ ಎಷ್ಟು ತಡವಾಯಿತು ಅನ್ನುವುದು ಅದರಲ್ಲಿ ಇರುತ್ತದೆ. ಕೆಲ ದಿನ ಕಳೆದರೆ ಈ ಮಾಹಿತಿ ಪರದೆ ಮೇಲೆ ಸಿಗುವುದಿಲ್ಲ.

ಮಧ್ಯರಾತ್ರಿ ಹನ್ನೆರಡರ ಆಸುಪಾಸು ಐಆರ್‌ಸಿಟಿಸಿ ಸ್ವಲ್ಪ ಹೊತ್ತು ನಿರ್ವಹಣೆಗೆ ಅಂತ ಬಂದ್ ಇರುತ್ತದೆ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲುಗಳು ಸರಿಯಾಗಿ ಆ ಹೊತ್ತಿಗೇ ಸಿಕ್ಕಿಹಾಕಿಕೊಳ್ಳುತ್ತವೆ. ಹನ್ನೊಂದೂವರೆಗೇ ತಡ ಮೂರು ಗಂಟೆ ದಾಟುವುದು ಖಚಿತವಾಗಿದ್ದರೆ ಆಗಲೇ ಹಾಕಿಬಿಡಿ.

ಟ್ರಾವೆಲ್ ಏಜೆಂಟ್ ಬುಕ್ ಮಾಡಿಕೊಟ್ಟ ಟಿಕೆಟ್ ಆಗಿದ್ದರೆ ಟಿಡಿಆರ್ ಹಾಕಬೇಕಾದವನು ಏಜೆಂಟೇ. ರಾತ್ರಿ ಅವನ ಅಂಗಡಿ ಮುಚ್ಚಿರುತ್ತದೆ, ಅದಕ್ಕೇ ಫೋನ್ ನಂಬರ್ ಮೊದಲೇ ಇಟ್ಟುಕೊಳ್ಳಿ. ಟಿಕೆಟ್ ಮಾಡಿಸುವಾಗ ಏಜೆಂಟ್ ತನ್ನ ನಂಬರ್ ಹಾಕದೆ ನಿಮ್ಮ ನಂಬರನ್ನೇ ಹಾಕುವಂತೆ ನೋಡಿಕೊಳ್ಳಿ. ಏಜೆಂಟ್ ಟಿಕೆಟ್‌ನ ರೀಫಂಡ್‌ಗೆ ಒಟಿಪಿ ಬರುವುದು ಆ ನಂಬರಿಗೆ.

ಕೌಂಟರ್ ಟಿಕೆಟ್ ಇದ್ದವರು

ಸ್ಟೇಷನ್ನಿನ ಕೌಂಟರಿನಲ್ಲಿ ಕೊಂಡ ಟಿಕೆಟ್‌ಗೂ ಹಕ್ಕು ಅದೇ, ದಾರಿ ಮಾತ್ರ ಬೇರೆ. ರೈಲು ಹೊರಡುವ ಮುಂಚೆ ಟಿಕೆಟ್ಟನ್ನು ಕೌಂಟರಿಗೆ ಒಪ್ಪಿಸಬೇಕು. ದುಡ್ಡು ಆಗಲೇ ಕೈಗೆ ಬರಬೇಕು. ಆಗುವುದಿಲ್ಲ ಅಂದರೆ ಬರಿಗೈಯಲ್ಲಿ ಬರಬೇಡಿ. ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಕಾಗದದ ಟಿಡಿಆರ್ ಕೊಡಿ ಅಂತ ಕೇಳಿ. ಅದು ಸಿಕ್ಕ ದಿನದಿಂದ 10 ದಿನದೊಳಗೆ ಮೂಲ ರಸೀತಿ ಲಗತ್ತಿಸಿ ವಲಯದ ರೀಫಂಡ್ ವಿಭಾಗಕ್ಕೆ ಅರ್ಜಿ ಹಾಕಬೇಕು. ದಾವಣಗೆರೆ, ಹರಿಹರ, ಚಿತ್ರದುರ್ಗ, ಚಿಕ್ಕಜಾಜೂರು ಎಲ್ಲವೂ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದವು. ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಕಳಿಸುವ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ.

ರಿಸರ್ವೇಶನ್ ಫಾರ್ಮ್ ತುಂಬುವಾಗ ನಿಮ್ಮ ಮೊಬೈಲ್ ನಂಬರನ್ನು ಸ್ಪಷ್ಟವಾಗಿ ಬರೆಯಿರಿ. ರೈಲು ರದ್ದಾದ ಮೆಸೇಜ್ ಅದಕ್ಕೇ ಬರುತ್ತದೆ. ಕೌಂಟರ್ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಕ್ಯಾನ್ಸಲ್ ಮಾಡುವಾಗ ಒಟಿಪಿಯೂ ಅದಕ್ಕೇ ಬರುತ್ತದೆ. ಆ ಜಾಗದಲ್ಲಿ ಸುಮ್ನೆ ಗೀಚುವವರೇ ಹೆಚ್ಚು.

ತತ್ಕಾಲ್ ಟಿಕೆಟ್‌ಗೂ ಬರುತ್ತದೆ

ತತ್ಕಾಲ್ ಅಂದರೆ ಹೋದ ದುಡ್ಡು ಹೋದಂತೆ ಅಂತ ಜನ ತಿಳಿದಿದ್ದಾರೆ. ನೀವೇ ಕ್ಯಾನ್ಸಲ್ ಮಾಡಿದರೆ ಅದು ನಿಜ, ಕನ್ಫರ್ಮ್ ತತ್ಕಾಲ್‌ಗೆ ಏನೂ ಬರುವುದಿಲ್ಲ. ರೈಲೇ ಮೂರು ಗಂಟೆಗಿಂತ ಜಾಸ್ತಿ ತಡವಾದರೆ ತತ್ಕಾಲ್‌ಗೂ ಪೂರ್ತಿ ದುಡ್ಡು ಇದೆ.

ಒಂದು ಸಣ್ಣ ಕೊಕ್ಕೆ ಇದೆ. ಹುಬ್ಬಳ್ಳಿಯಿಂದ ಟಿಕೆಟ್ ತೆಗೆದು, ಬೋರ್ಡಿಂಗ್ ದಾವಣಗೆರೆ ಅಂತ ಹಾಕಿಸಿರುತ್ತಾರೆ ಕೆಲವರು. ತತ್ಕಾಲ್‌ನಲ್ಲಿ ಹಾಗೆ ಮಾಡಿದ್ದರೆ ತಡದ ಲೆಕ್ಕ ಹುಬ್ಬಳ್ಳಿಯದ್ದು, ದಾವಣಗೆರೆಯದ್ದಲ್ಲ. ಹುಬ್ಬಳ್ಳಿಯಿಂದ ಸಮಯಕ್ಕೆ ಹೊರಟು ದಾರಿಯಲ್ಲಿ ನಾಲ್ಕು ತಾಸು ನಿಂತರೂ ನಿಮಗೆ ಸಿಗುವುದಿಲ್ಲ.

ರೈಲೇ ರದ್ದಾದರೆ

ಇದು ಸುಲಭ. ಆನ್‌ಲೈನ್ ಟಿಕೆಟ್ ಇದ್ದರೆ ನೀವು ಏನೂ ಮಾಡಬೇಕಿಲ್ಲ. ದುಡ್ಡು ಬಂದ ಖಾತೆಗೇ ತಾನಾಗಿ ವಾಪಸ್ ಹೋಗುತ್ತದೆ. ಒಂದು ವಾರವಾದರೂ ಬರದಿದ್ದರೆ ಐಆರ್‌ಸಿಟಿಸಿಯ 14646ಕ್ಕೆ ಕರೆ ಮಾಡಿ ಕೇಳಿ. ಕೌಂಟರ್ ಟಿಕೆಟ್ ಆದರೆ ರೈಲು ಹೊರಡಬೇಕಿದ್ದ ಸಮಯದಿಂದ 72 ಗಂಟೆಯೊಳಗೆ ಯಾವುದಾದರೂ ರಿಸರ್ವೇಶನ್ ಕೌಂಟರಿನಲ್ಲಿ ಕೊಟ್ಟು ಪೂರ್ತಿ ದುಡ್ಡು ತೆಗೆದುಕೊಳ್ಳಬಹುದು.

ಅರ್ಧಂಬರ್ಧ ರದ್ದಾದಾಗಲೇ ತಲೆಬೇನೆ. ಹಳಿ ಕೆಲಸ ನಡೆಯುವಾಗ ರೈಲನ್ನು ಅರಸೀಕೆರೆಯಲ್ಲೋ ಬೀರೂರಿನಲ್ಲೋ ನಿಲ್ಲಿಸಿಬಿಡುತ್ತಾರೆ, ಇಲ್ಲವೇ ಬೇರೆ ಮಾರ್ಗದಲ್ಲಿ ತಿರುಗಿಸುತ್ತಾರೆ. ತಿರುಗಿದ ರೈಲು ನಿಮ್ಮ ಹತ್ತುವ ಸ್ಟೇಷನ್ನನ್ನೋ ಇಳಿಯುವ ಸ್ಟೇಷನ್ನನ್ನೋ ಮುಟ್ಟದಿದ್ದರೆ ಪೂರ್ತಿ ದುಡ್ಡು ಕೇಳಬಹುದು. ಆದರೆ ಕಂಪ್ಯೂಟರ್ ಪ್ರಕಾರ ರೈಲು ಓಡಿದೆ, ಹಾಗಾಗಿ ತಾನಾಗಿ ಬರುವುದಿಲ್ಲ. ಟಿಡಿಆರ್ ಹಾಕಲೇಬೇಕು, ಅದಕ್ಕೆ 72 ಗಂಟೆ ಸಮಯ ಇದೆ. ಅರ್ಧ ದಾರಿ ಬಂದು ನಿಂತುಹೋಗಿದ್ದರೆ ಪ್ರಯಾಣ ಮಾಡದೆ ಉಳಿದ ದೂರದ ದುಡ್ಡು ಕೇಳುವ ಹಕ್ಕು ಇದೆ. ಇಳಿಯುವ ಮುಂಚೆ ಟಿಟಿಇ ಹತ್ತಿರ ಪ್ರಮಾಣಪತ್ರ ಬರೆಸಿಕೊಂಡರೆ ಕೆಲಸ ಹಗುರಾಗುತ್ತದೆ.

ಚಿತ್ರದುರ್ಗದವರ ಕಷ್ಟ: ಎರಡು ರೈಲಿನ ಪ್ರಯಾಣ

ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆಗೆ ಹೋಗುವ ಕವಲು ಹಳಿಯ ಮೇಲೆ. ರೈಲುಗಳು ಕಮ್ಮಿ. ತುಮಕೂರು–ದಾವಣಗೆರೆ ಹೊಸ ಮಾರ್ಗ ಬಂದಾಗ ನೋಡೋಣ. ಸದ್ಯಕ್ಕೆ ದುರ್ಗದವರು ಬಸ್ಸಿನಲ್ಲಿ ದಾವಣಗೆರೆಗೋ ಚಿಕ್ಕಜಾಜೂರಿಗೋ ಹೋಗಿ ರೈಲು ಹಿಡಿಯುತ್ತಾರೆ, ಇಲ್ಲವೇ ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ಚೆನ್ನೈಗೋ ಹೈದರಾಬಾದಿಗೋ ಹೋಗುವವರದ್ದೂ ಇದೇ ಪಾಡು.

ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಏನು ಗತಿ? 2019ರ ಏಪ್ರಿಲ್ 1ರಿಂದ ಇದಕ್ಕೆ ಒಂದು ಅನುಕೂಲ ಇದೆ. ಎರಡು ಪಿಎನ್ಆರ್‌ಗಳನ್ನು ಒಂದಕ್ಕೊಂದು ಜೋಡಿಸಬಹುದು. ಜೋಡಿಸಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಟಿಕೆಟ್‌ನ ಪೂರ್ತಿ ದುಡ್ಡು ವಾಪಸ್. ಇಲ್ಲಿ ಮೂರು ಗಂಟೆ ತಡವಾಗಿರಬೇಕು ಅಂತ ಇಲ್ಲ, ಎರಡನೇ ರೈಲು ತಪ್ಪುವಷ್ಟು ತಡವಾಗಿದ್ದರೆ ಸಾಕು. ಮೊದಲ ರೈಲು ನಿಜವಾಗಿ ತಲುಪಿದ ಸಮಯದಿಂದ ಮೂರು ಗಂಟೆಯೊಳಗೆ ಕೌಂಟರ್ ಟಿಕೆಟ್ ಒಪ್ಪಿಸಬೇಕು, ಆನ್‌ಲೈನ್ ಟಿಕೆಟ್‌ಗೆ ಟಿಡಿಆರ್ ಹಾಕಬೇಕು.

ಎರಡೂ ಟಿಕೆಟ್‌ಗಳಲ್ಲಿ ಪ್ರಯಾಣಿಕರ ವಿವರ ಒಂದೇ ಆಗಿರಬೇಕು. ಒಂದರಲ್ಲಿ ಮನೆತನದ ಹೆಸರು ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಜೋಡಣೆ ಆಗದು. ಇಳಿಯುವ ಮತ್ತು ಮತ್ತೆ ಹತ್ತುವ ಸ್ಟೇಷನ್ ಒಂದೇ ಇರಬೇಕು, ಇಲ್ಲವೇ ಒಂದೇ ಗುಂಪಿಗೆ ಸೇರಿದ ಸ್ಟೇಷನ್ ಆಗಿರಬೇಕು. ದಾವಣಗೆರೆಯವರೆಗೆ ಬಸ್ಸಿನಲ್ಲಿ ಬಂದು ರೈಲು ತಪ್ಪಿಸಿಕೊಂಡರೆ ಮಾತ್ರ ಈ ನಿಯಮ ಕೈ ಹಿಡಿಯುವುದಿಲ್ಲ. ರೈಲ್ವೆಗೆ ನಿಮ್ಮ ಬಸ್ಸಿನ ಚಿಂತೆ ಇಲ್ಲ.

ಬುಕ್ ಮಾಡುವಾಗ ಇದು ಎರಡು ನಿಮಿಷದ ಕೆಲಸ. ಮಾಡುವವರು ಬಹಳ ಕಮ್ಮಿ.

ಎಸಿ ಕೆಟ್ಟರೆ, ಕೆಳದರ್ಜೆಗೆ ಹಾಕಿದರೆ

ಪ್ರಯಾಣದಲ್ಲಿ ಎಸಿ ಕೆಲಸ ಮಾಡದಿದ್ದರೆ ದರದ ವ್ಯತ್ಯಾಸ ಬರುತ್ತದೆ. ಥ್ರೀ ಟೈರ್ ಎಸಿ ಆದರೆ ಅದರ ದರಕ್ಕೂ ಸ್ಲೀಪರ್ ದರಕ್ಕೂ ಇರುವ ಅಂತರ. ಟಿಟಿಇಯಿಂದ ಪ್ರಮಾಣಪತ್ರ ಬರೆಸಿಕೊಳ್ಳಿ, ರೈಲು ತಲುಪಿದ 20 ಗಂಟೆಯೊಳಗೆ ಟಿಡಿಆರ್ ಹಾಕಿ. ಮೂಲ ಪ್ರಮಾಣಪತ್ರವನ್ನು ಅಂಚೆಯಲ್ಲಿ ಕಳಿಸಬೇಕಾಗುತ್ತದೆ, ಫೋಟೋ ತೆಗೆದಿಟ್ಟುಕೊಳ್ಳಿ. ಕೆಳಗಿನ ದರ್ಜೆಯ ಬೋಗಿಗೆ ಹಾಕಿದರೂ ಹೀಗೇ, ಟಿಟಿಇ ಕಾಗದ ಇಲ್ಲದೆ ಏನೂ ನಡೆಯದು.

ಟಿಡಿಆರ್ ಹಾಕಿದ ಮೇಲೆ

ಕಾಯಬೇಕು. ಐಆರ್‌ಸಿಟಿಸಿ ಬರೀ ಅಂಚೆಯಣ್ಣನ ಕೆಲಸ ಮಾಡುತ್ತದೆ, ಅರ್ಜಿ ಹೋಗುವುದು ವಲಯ ರೈಲ್ವೆಗೆ. ಅವರು ತಮ್ಮ ದಾಖಲೆ ನೋಡಿ ಒಪ್ಪಿದರೆ ದುಡ್ಡು ಬಂದ ಖಾತೆಗೇ ವಾಪಸ್ ಬರುತ್ತದೆ. ವಾರಗಳು ಹಿಡಿಯುತ್ತವೆ, ಕೆಲವು ಸಲ ಎರಡು ಮೂರು ತಿಂಗಳು. 'ಟಿಡಿಆರ್ ಹಿಸ್ಟರಿ'ಯಲ್ಲಿ ಆಗಾಗ ನೋಡುತ್ತಿರಿ.

ತಿರಸ್ಕಾರವಾದರೆ ಕಾರಣ ಓದಿ. ರೈಲು ಮೂರು ಗಂಟೆ ತಡವಾಗಿರಲಿಲ್ಲ ಅಂತ ಬರೆದಿದ್ದರೆ ನಿಮ್ಮ ಸ್ಕ್ರೀನ್‌ಶಾಟ್ ಹೊರಗೆ ತೆಗೆಯುವ ಸಮಯ ಬಂತು. ರೈಲ್ವೆಯ ದೂರು ಪೋರ್ಟಲ್ ರೈಲ್ ಮದದ್‌ನಲ್ಲಿ ದೂರು ಹಾಕಿ. ಉತ್ತರ ಸರಿಯಿಲ್ಲದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ಹಾಕಿ. ಅಲ್ಲೂ ಆಗದಿದ್ದರೆ ಟಿಕೆಟ್ ದುಡ್ಡಿನ ರೀಫಂಡ್ ವ್ಯಾಜ್ಯಕ್ಕೆ 1987ರ ಕಾಯ್ದೆಯ ಪ್ರಕಾರ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಇದೆ, ಅದರ ಪೀಠ ಬೆಂಗಳೂರಿನಲ್ಲಿದೆ. ನಾನೂರು ರೂಪಾಯಿ ಟಿಕೆಟ್‌ಗೆ ಬೆಂಗಳೂರಿಗೆ ಓಡಾಡುವುದು ನನ್ನ ಮಟ್ಟಿಗೆ ಲೆಕ್ಕಕ್ಕೆ ಬಾರದ ಕೆಲಸ. ಇಡೀ ಕುಟುಂಬದ ಎಸಿ ಟಿಕೆಟ್ ಆಗಿದ್ದರೆ ಯೋಚಿಸಬಹುದು.

ಈ ಕಾಯುವ ಹೊತ್ತಿನಲ್ಲೇ ಕಳ್ಳರು ಕರೆ ಮಾಡುತ್ತಾರೆ. ರೀಫಂಡ್ ಹಾಕುತ್ತೇವೆ, ಈ ಆಪ್ ಇಳಿಸಿಕೊಳ್ಳಿ, ಯುಪಿಐ ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಕಿಲ್ಲ. ಸಿಟ್ಟಿನಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಪಿಎನ್ಆರ್, ಫೋನ್ ನಂಬರ್ ಸಮೇತ ದೂರು ಬರೆದವರಿಗೇ ಇಂಥ ಕರೆ ಬರುವ ಸಂಭವ ಜಾಸ್ತಿ.

ನಿಜವಾದ ಪರಿಹಾರ: ಗ್ರಾಹಕರ ಆಯೋಗ

ರೈಲು ತಡವಾದರೆ ರೈಲ್ವೆ ಹೊಣೆಯಲ್ಲ ಅಂತ ರೈಲ್ವೆಯ ಕೋಚಿಂಗ್ ಟ್ಯಾರಿಫ್ ನಿಯಮದಲ್ಲೇ ಇದೆ, ಅದರ 114ನೇ ನಿಯಮ. ವರ್ಷಗಟ್ಟಲೆ ಇದನ್ನೇ ಗುರಾಣಿ ಮಾಡಿಕೊಂಡು ಬಂದರು. 2021ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಈ ಗುರಾಣಿಯಲ್ಲಿ ತೂತು ಮಾಡಿತು. ಪ್ರಕರಣದ ಹೆಸರು ವಾಯವ್ಯ ರೈಲ್ವೆ ವಿರುದ್ಧ ಸಂಜಯ್ ಶುಕ್ಲಾ. ದೂರು ಬರೆಯುವಾಗ ಈ ಹೆಸರು ಮತ್ತು ತಾರೀಖನ್ನು ಹಾಕಲೇಬೇಕು.

ನಡೆದದ್ದು ಇಷ್ಟು. 2016ರ ಜೂನ್‌ನಲ್ಲಿ ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್ ಬೆಳಗ್ಗೆ 8:10ಕ್ಕೆ ಜಮ್ಮು ಸೇರಬೇಕಿತ್ತು, ಸೇರಿದ್ದು ಮಧ್ಯಾಹ್ನ 12ಕ್ಕೆ. ಅದರಲ್ಲಿದ್ದ ಶುಕ್ಲಾ ಅವರು ಹಿಡಿಯಬೇಕಿದ್ದ ಶ್ರೀನಗರದ ವಿಮಾನ 12ಕ್ಕೇ ಇತ್ತು, ತಪ್ಪಿತು. ಟ್ಯಾಕ್ಸಿಯಲ್ಲಿ ಹೋಗಬೇಕಾಯಿತು. ಅಲ್ವರ್ ಜಿಲ್ಲಾ ವೇದಿಕೆ ಟ್ಯಾಕ್ಸಿಗೆ 15,000, ಬುಕಿಂಗ್ ಖರ್ಚಿಗೆ 10,000, ಮಾನಸಿಕ ಯಾತನೆಗೆ 5,000, ವ್ಯಾಜ್ಯದ ಖರ್ಚಿಗೆ 5,000 ರೂಪಾಯಿ ಕೊಡಿಸಿತು. ರೈಲ್ವೆ ಸುಪ್ರೀಂ ಕೋರ್ಟಿನ ತನಕ ಹೋಯಿತು, ಸೋತಿತು. ಕೋರ್ಟ್ ಹೇಳಿದ್ದರ ತಿರುಳು ಹೀಗೆ: ತಡಕ್ಕೆ ಕಾರಣ ಏನು, ಅದು ತನ್ನ ಹಿಡಿತದಲ್ಲಿ ಇರಲಿಲ್ಲ ಅನ್ನುವುದನ್ನು ರೈಲ್ವೆಯೇ ಸಾಬೀತು ಮಾಡಬೇಕು. ಮಾಡದಿದ್ದರೆ ಪರಿಹಾರ ಕೊಡಬೇಕು.

ಇದರಲ್ಲಿ ನಾವು ಗಮನಿಸಬೇಕಾದ್ದು ಎರಡು. ಆ ಪ್ರಯಾಣಿಕರು ರೈಲಿಗೂ ವಿಮಾನಕ್ಕೂ ನಡುವೆ ಸುಮಾರು ನಾಲ್ಕು ಗಂಟೆ ಬಿಟ್ಟಿದ್ದರು. ನೀವು ಮುಕ್ಕಾಲು ಗಂಟೆ ಬಿಟ್ಟು ಬುಕ್ ಮಾಡಿದರೆ ತಪ್ಪು ನಿಮ್ಮದೇ ಅಂತ ಎದುರಿನವರು ವಾದಿಸುತ್ತಾರೆ, ಅದು ನಿಲ್ಲುತ್ತದೆ ಕೂಡ. ಎರಡನೆಯದು, ಆ ರೈಲಿನ ತಡಕ್ಕೆ ರೈಲ್ವೆ ಕಾರಣವನ್ನೇ ವಿವರಿಸಲಿಲ್ಲ. ಮಳೆಗೆ ಹಳಿ ಮೇಲೆ ಗುಡ್ಡ ಕುಸಿದದ್ದು, ರೈಲು ತಡೆ ಚಳವಳಿ ನಡೆದದ್ದು ಇಂಥ ಕಾರಣಗಳನ್ನು ದಾಖಲೆ ಸಮೇತ ತೋರಿಸಿದರೆ ನಿಮ್ಮ ಕೇಸು ಸಡಿಲವಾಗುತ್ತದೆ.

*ದಾಖಲೆ ಕೂಡಿಹಾಕುವುದು.* ಟಿಕೆಟ್, ಎನ್‌ಟಿಇಎಸ್ ಸ್ಕ್ರೀನ್‌ಶಾಟ್, ರೈಲು ತಡ ಅಂತ ಬಂದ ಮೆಸೇಜ್. ನಷ್ಟದ ಕಾಗದ: ತಪ್ಪಿದ ವಿಮಾನದ ಟಿಕೆಟ್, ಪರೀಕ್ಷೆಯ ಪ್ರವೇಶಪತ್ರ, ಸಂದರ್ಶನದ ಪತ್ರ, ಟ್ಯಾಕ್ಸಿ ಬಿಲ್, ಬಸ್ ಟಿಕೆಟ್. ಟ್ಯಾಕ್ಸಿಯವನಿಗೆ ನಗದು ಕೊಡಬೇಡಿ, ಯುಪಿಐ ಮಾಡಿ. ದಾಖಲೆ ತಾನಾಗಿ ಆಗುತ್ತದೆ.

*ಆರ್‌ಟಿಐ.* ಇದು ಬಹಳ ಜನಕ್ಕೆ ಹೊಳೆಯದ ಅಸ್ತ್ರ. 10 ರೂಪಾಯಿ ಶುಲ್ಕ, ಉತ್ತರ ಕೊಡಲು 30 ದಿನದ ಗಡುವು. ಮೈಸೂರು ವಿಭಾಗದ ರೈಲ್ವೆ ವ್ಯವಸ್ಥಾಪಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಬರೆಯಬಹುದು. ಹೀಗೆ:

"ದಿನಾಂಕ ___ ರಂದು ರೈಲು ಸಂಖ್ಯೆ ___ ದಾವಣಗೆರೆ ನಿಲ್ದಾಣಕ್ಕೆ ನಿಗದಿತವಾಗಿ ಬರಬೇಕಿದ್ದ ಮತ್ತು ಹೊರಡಬೇಕಿದ್ದ ಸಮಯ, ವಾಸ್ತವವಾಗಿ ಬಂದ ಮತ್ತು ಹೊರಟ ಸಮಯ, ಹಾಗೂ ತಡಕ್ಕೆ ದಾಖಲೆಯಲ್ಲಿ ನಮೂದಿಸಿರುವ ಕಾರಣದ ಪ್ರತಿಯನ್ನು ಒದಗಿಸಿ."

ಯಾಕೆ ತಡವಾಯಿತು ಅಂತ ಪ್ರಶ್ನೆ ಕೇಳಬೇಡಿ, ದಾಖಲೆಯ ಪ್ರತಿ ಕೇಳಿ. 'ಯಾಕೆ' ಅಂದರೆ ಅದು ಮಾಹಿತಿಯಲ್ಲ ಅಂತ ಅರ್ಜಿ ತಳ್ಳಿಹಾಕುತ್ತಾರೆ. ಬಂದ ಉತ್ತರ ರೈಲ್ವೆಯದೇ ಸಹಿ ಇರುವ ಸಾಕ್ಷಿ.

*ನೋಟಿಸ್.* ಕಡ್ಡಾಯವಲ್ಲ, ಆದರೂ ಕಳಿಸುವುದು ಒಳ್ಳೆಯದು. ನೈರುತ್ಯ ರೈಲ್ವೆಯ ಜನರಲ್ ಮ್ಯಾನೇಜರ್, ಹುಬ್ಬಳ್ಳಿ ಮತ್ತು ವಿಭಾಗೀಯ ರೈಲ್ವೆ ವ್ಯವಸ್ಥಾಪಕರು, ಮೈಸೂರು ಇಬ್ಬರಿಗೂ ಸ್ಪೀಡ್ ಪೋಸ್ಟ್ ಮಾಡಿ. ಒಂದು ಪುಟ ಸಾಕು. ಯಾವ ರೈಲು, ಎಷ್ಟು ತಡ, ಏನು ನಷ್ಟ, ಎಷ್ಟು ಕೇಳುತ್ತೀರಿ, 15 ದಿನ ಗಡುವು. ತಡಕ್ಕೆ ಕಾರಣವಾದದ್ದು ಬೇರೆ ವಲಯ ಆಗಿದ್ದರೆ ಅವರನ್ನೂ ಸೇರಿಸಿ.

*ದೂರು.* 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದೊಡ್ಡ ಅನುಕೂಲ ಏನೆಂದರೆ ನೀವು ವಾಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ರೈಲು ಕೈಕೊಟ್ಟದ್ದು ಪುಣೆಯಲ್ಲಾದರೂ ಚಳ್ಳಕೆರೆಯವರು ಚಿತ್ರದುರ್ಗದ ಜಿಲ್ಲಾ ಆಯೋಗಕ್ಕೆ, ಜಗಳೂರಿನವರು ದಾವಣಗೆರೆಯ ಆಯೋಗಕ್ಕೆ ಹೋದರೆ ಸಾಕು. ನೀವು ಕೊಟ್ಟ ಬೆಲೆ, ಅಂದರೆ ಟಿಕೆಟ್ ದರ, 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ರೈಲು ಟಿಕೆಟ್ ಅಷ್ಟಾಗಲು ಹೇಗೆ ಸಾಧ್ಯ, ಅಲ್ವಾ? ಘಟನೆಯಾದ ಎರಡು ವರ್ಷದೊಳಗೆ ಕೊಡಬೇಕು. ಮನೆಯಲ್ಲೇ ಕೂತು ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವಕೀಲರು ಬೇಕೇಬೇಕು ಅಂತ ಇಲ್ಲ. ದೂರು, ಅಫಿಡವಿಟ್, ದಾಖಲೆಗಳ ಪಟ್ಟಿ, ಪ್ರತಿಗಳು, ಇಷ್ಟು ಸಾಕು. ಬರೆಯಲು ಸಹಾಯ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ಕಾನೂನು ನೆರವು ಇದೆ. ದೂರು ಕೊಡುವ ಮುಂಚೆ ಒಮ್ಮೆ ಸಲಹೆ ಬೇಕೆನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ದೂರಿನಲ್ಲಿ ಬರೀ 'ಟಿಕೆಟ್ ದುಡ್ಡು ಕೊಡಿಸಿ' ಅಂತ ಬರೆಯಬೇಡಿ. ಹಾಗೆ ಬರೆದರೆ ರೀಫಂಡ್ ವಿಷಯ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಸೇರಿದ್ದು, ಇಲ್ಲಿ ನಡೆಯದು ಅಂತ ರೈಲ್ವೆಯ ವಕೀಲರು ಮೊದಲ ದಿನವೇ ಎದ್ದು ನಿಲ್ಲುತ್ತಾರೆ. 'ಸೇವಾ ನ್ಯೂನತೆಯಿಂದ ನನಗೆ ಇಂಥ ನಷ್ಟವಾಗಿದೆ' ಅನ್ನುವುದೇ ದೂರಿನ ಬೆನ್ನೆಲುಬು ಆಗಿರಬೇಕು.

ಕೇಳುವ ಮೊತ್ತದ ಬಗ್ಗೆ ನನ್ನ ಅಭಿಪ್ರಾಯ: ಬಿಲ್ ಇರುವ ಖರ್ಚನ್ನು ಪೈಸೆ ಬಿಡದೆ ಕೇಳಿ, ಯಾತನೆಗೆ ಅಂತ ಹಿತಮಿತವಾಗಿ ಕೇಳಿ. ಎರಡು ಸಾವಿರದ ಟ್ಯಾಕ್ಸಿ ಬಿಲ್ ಇಟ್ಟುಕೊಂಡು ಐದು ಲಕ್ಷ ಕೇಳಿದರೆ ದೂರಿನ ತೂಕವೇ ಕಮ್ಮಿಯಾಗುತ್ತದೆ.

ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೊಂದು 15 ದಿನ ಸಿಗುತ್ತದೆ. ಕಾಯ್ದೆ ಮೂರು ತಿಂಗಳಲ್ಲಿ ಮುಗಿಸಿ ಅನ್ನುತ್ತದೆ, ವಾಸ್ತವದಲ್ಲಿ ಅದಕ್ಕಿಂತ ಎಳೆಯುತ್ತದೆ. ಪ್ರತಿ ವಾಯಿದೆಗೂ ಹೋಗಿ. ದೂರುದಾರರೇ ಬರಲಿಲ್ಲ ಅಂತ ಕೇಸು ವಜಾ ಆಗಬಾರದು. ಆದೇಶ ನಿಮ್ಮ ಪರ ಬಂದರೆ ರೈಲ್ವೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂತ ಸುಮ್ಮನೆ ಕೂತರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸುವ ಅಧಿಕಾರ ಆಯೋಗಕ್ಕೆ ಇದೆ.